ಚಿಲಿವುಂಗ್‌ನ ರೇಷ್ಮೆ

ಜಕಾರ್ತದವರ ಬಾಯಲ್ಲಿ ‘ಸುತ್ರ’ ಎಂದರೆ ರೇಷ್ಮೆ.
ನಮಗೆ ಸೂತ್ರ ಬರೀ ದಾರ, ಗಾಳಿಪಟದ್ದೋ ಗೊಂಬೆಯದ್ದೋ.
ಎರಡೂ ಸರಿಯೇ ಅನ್ನಿ:
ಚಿಲಿವುಂಗ್ ನದಿಯ ತಳದ ಕಪ್ಪು ರಾಡಿಯೊಳಗೆ
ತಲೆ ಹೂತು, ಬಾಲ ನೀರಿಗೆ ಬಿಟ್ಟು
ತೂಗುತ್ತಿರುವ ಕೆಂಪು ಎಳೆ,
ಹುಳ.

ನಸುಕಿನ ಬಾಂಗಿಗೂ ಮೊದಲೇ
ತರ್ಸೋನೋ ಎದೆಮಟ್ಟ ಇಳಿಯುತ್ತಾನೆ.
ಸೊಂಟದ ಹಗ್ಗದ ಇನ್ನೊಂದು ತುದಿಗೆ
ಲಾರಿಯ ಹಳೇ ಟ್ಯೂಬು, ಅದರ ನಡುವೆ ಬೇಸಿನ್ನು.
ಕಾಲ್ಬೆರಳಿಗೇ ಗೊತ್ತಾಗುತ್ತದೆ ಎಲ್ಲ:
ಗಾಜು, ಮೊಳೆ, ಯಾರದೋ ಒಂಟಿ ಚಪ್ಪಲಿ,
ಆಮೇಲೆ ಮೆತ್ತಗೆ, ಬೆಕ್ಕಿನ ಬೆನ್ನಿನಷ್ಟು ಮೆತ್ತಗೆ.
ಇಲ್ಲಿದೆ.
ಜರಡಿ ಅದ್ದಿ, ಅಲುಗಿಸಿ, ಎತ್ತಿ
ಅರ್ಧ ನಗರದ ಬಚ್ಚಲನ್ನು ಸೋಸುತ್ತಾನೆ
ಒಂದು ಹಿಡಿ ಕೆಂಪಿಗಾಗಿ.

ಮನೆಯಲ್ಲಿ ವಸ್ನಾಳ ಸರದಿ.
“ಇದಕ್ಕೆ ಒಂದೇ ಗುಟ್ಟು” ಎನ್ನುತ್ತಾಳೆ,
“ಉಸಿರು ಕಟ್ಟಿಸಬೇಕು, ಕೊಲ್ಲಬಾರದು.”
ರಾಡಿಯ ಮೇಲೆ ಎರಡು ಬೆರಳು ನೀರು,
ಅದಕ್ಕೆ ಹಳೇ ಸರೋಂಗಿನ ತುಂಡು ಮುಚ್ಚಿ ಹಲಗೆ.
ಗಾಳಿ ಸಾಲದ ಕತ್ತಲಲ್ಲಿ
ಹುಳಗಳು ಕೆಸರು ಬಿಟ್ಟು ಮೇಲೇರುತ್ತವೆ
ಒಂದನ್ನೊಂದು ತಬ್ಬಿ, ಸಿಕ್ಕು ಬಿದ್ದು, ಉಂಡೆಯಾಗಿ.
ಎತ್ತಿದರೆ ಅಂಗೈಯಲ್ಲಿ ಮಿಡಿಯುತ್ತದೆ.
ಮದುವೆಯಾಗಿ ಬಂದ ಹೊಸತರಲ್ಲಿ
ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲವಂತೆ.
ಈಗ ಅದೇ ಕೈ ತೊಳೆದು ಮೆಣಸಿನಕಾಯಿ ಅರೆಯುತ್ತಾಳೆ.

ರಾತ್ರಿಯಿಡೀ ನಲ್ಲಿ ಸಣ್ಣಗೆ ಬಿಟ್ಟಿರಬೇಕು,
ದಾರದಷ್ಟು. ಹೆಚ್ಚಾದರೆ ಕರೆಂಟು ಬಿಲ್ಲು,
ಕಡಿಮೆಯಾದರೆ ಸಾವು.
ಸತ್ತದ್ದು ಬಿಳಿಚುತ್ತದೆ; ಅದನ್ನು ತೆಗೆಯದಿದ್ದರೆ
ಬೆಳಗಾಗುವುದರೊಳಗೆ ಬೇಸಿನ್ನಿಗೆ ಬೇಸಿನ್ನೇ ನಾರುತ್ತದೆ.
ನಿದ್ದೆಯಲ್ಲೂ ಅವಳ ಒಂದು ಕಿವಿ ಬಚ್ಚಲಲ್ಲಿ.
ಮಗು ಅತ್ತರೆ ತರ್ಸೋನೋ ಏಳುತ್ತಾನೆ,
ನಲ್ಲಿ ಸುಮ್ಮನಾದರೆ ಅವಳು.

ಹೋದ ತಿಂಗಳು ಪಂಪು ಕೆಟ್ಟ ರಾತ್ರಿ
ಹಿಂದಿನ ಗಲ್ಲಿಯ ಬಾವಿಯಿಂದ ಮೂವತ್ತೆರಡು ಬಕೆಟ್ಟು ಹೊತ್ತಳು.
ಬೆಳಿಗ್ಗೆ ಕಾರ್ಸಿ ಮುಖಕ್ಕೆ ಪೌಡರು ಬಳಿದುಕೊಂಡು
ಸ್ನಾನವಿಲ್ಲದೆ ಶಾಲೆಗೆ ಹೋದಳು.
ಹುಳಕ್ಕೆ ಮಾತ್ರ ಅಭ್ಯಂಜನ.

ಕೊಳ್ಳುವವನು ಲಿಯೊಂಗ್. ಹಾಲಿನ ಡಬ್ಬಿಯ ಅಳತೆ,
ತುಂಬಿದ ಮೇಲೂ ಒಮ್ಮೆ ಕುಕ್ಕಿ ನೋಡುತ್ತಾನೆ.
ಅವನ ಗಾಜಿನ ಪೆಟ್ಟಿಗೆಗಳಲ್ಲಿ
ತಟ್ಟೆಯಗಲದ ಮೀನು, ಒಂದರ ಬೆಲೆ
ತರ್ಸೋನೋನ ಎರಡು ತಿಂಗಳು.
ರಜೆಯಲ್ಲಿ ಒಮ್ಮೆ ಕಾರ್ಸಿಯೂ ಹೋಗಿದ್ದಳು.
ಉಂಡೆ ಬಿದ್ದದ್ದೇ ತಡ, ಮೀನೊಂದು ಬಂದು
ನೂಡಲ್ಸಿನಂತೆ ಒಂದು ಎಳೆ ಹೀರಿತು.
ಗಾಜಿಗೆ ಮೂಗೊತ್ತಿ ಬಹಳ ಹೊತ್ತು ನೋಡಿದಳು.
“ಅಪ್ಪಾ, ಮೀನು ಅವರದ್ದು,
ಅದರ ಕೆಂಪು ನಮ್ಮದಲ್ವಾ?”
ಲಿಯೊಂಗ್ ನಕ್ಕ. ಅಂದು ಡಬ್ಬಿ ಕುಕ್ಕಲಿಲ್ಲ.

ಈಗ ನದಿಗೆ ಶುಚಿಯ ಕಾಲ.
ಕಿತ್ತಳೆ ಅಂಗಿಯವರು ಹೂಳೆತ್ತುವ ಯಂತ್ರ ತಂದಿದ್ದಾರೆ;
ಇನ್ನೆರಡು ವರ್ಷಕ್ಕೆ ತಳ ಕಾಣುವಷ್ಟು ತಿಳಿನೀರು ಅಂತ
ಮೈಕಿನಲ್ಲಿ ಹೇಳಿದರು. ಗಲ್ಲಿಯೆಲ್ಲ ಚಪ್ಪಾಳೆ,
ತರ್ಸೋನೋನದೂ. ಅವನ ಅಮ್ಮ
ಈ ನೀರಿನ ಜ್ವರಕ್ಕೇ ಹೋದವಳು.
ತಿಳಿನೀರಲ್ಲಿ ಈ ಹುಳ ನಿಲ್ಲುವುದಿಲ್ಲ.
ಅದೂ ಅವನಿಗೆ ಗೊತ್ತು.
ತಟ್ಟಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ
ಜೇಬು ಹುಡುಕಿದ. ಲುಂಗಿಗೆಲ್ಲಿಯ ಜೇಬು!

ವಸ್ನಾ ಒಡೆದ ತೊಟ್ಟಿಗೆ ಸಿಮೆಂಟು ಮೆತ್ತಿದ್ದಾಳೆ.
ನದಿಯ ಕೆಸರು, ಕೋಳಿಗೊಬ್ಬರ, ಅಕ್ಕಿ ತೊಳೆದ ನೀರು;
ಅದರಲ್ಲಿ ಒಂದು ಹಿಡಿ ಹುಳ,
ಮೊಸರಿಗೆ ಹೆಪ್ಪು ಬಿಟ್ಟ ಹಾಗೆ.
“ಏಳು ವಾರ” ಅಂದಿದ್ದರು ಯಾರೋ. ಇದು ಒಂಬತ್ತನೆಯದು.
ನಾವು ಬಗ್ಗಿದೆವು. ಬರೀ ಕೆಸರು.
“ನಿಮ್ಮ ನೆರಳಿಗೇ ಒಳಗೆ ಎಳೆದುಕೊಂಡಿವೆ,
ಅಲುಗಾಡಬೇಡಿ” ಎಂದಳು ಕಾರ್ಸಿ,
ಪಿಸುದನಿಯಲ್ಲಿ ಎಣಿಸತೊಡಗಿದಳು.

ನಲವತ್ತು ದಾಟಿದ ಮೇಲೆ
ಒಂದು ಎಳೆ.